ಬೋಲ್ಟ್ ಕೂತರೆ ಸಾಲದು: ಟ್ರಕ್ ಎಂಜಿನ್‌ಗೆ ಮ್ಯಾನುವಲ್ ಗೇರ್‌ಬಾಕ್ಸ್ ಹೊಂದಿಸುವುದು ಹೇಗೆ?

ಆಟೋಮ್ಯಾಟಿಕ್ ಇಳಿಸಿ ಮ್ಯಾನುವಲ್ ಹಾಕಬೇಕು ಅನ್ನುವವರು ಕೇಳುವುದು ಒಂದೇ ಪ್ರಶ್ನೆ: ‘ಈ ಗೇರ್‌ಬಾಕ್ಸ್ ಈ ಎಂಜಿನ್‌ಗೆ ಕೂರುತ್ತಾ?’ ಬೆಲ್ ಹೌಸಿಂಗ್ (ಎಂಜಿನ್, ಗೇರ್‌ಬಾಕ್ಸ್ ನಡುವೆ ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ) ತೂತುಗಳು ಎಂಜಿನ್ ಬ್ಲಾಕ್‌ಗೆ ಸರಿಹೊಂದಿದರೆ ಕೂರುತ್ತದೆ. ಓಡುತ್ತಾ ಅನ್ನುವುದು ಬೇರೆ ಮಾತು. ಕ್ಲಚ್ ಪೂರ್ತಿ ಒತ್ತಿದರೂ ಗೇರ್ ಕಿರುಗುಡುತ್ತದೆ, ಹೊಸ ಪೈಲಟ್ ಬೇರಿಂಗ್ ಬೇಗನೆ ಪುಡಿಯಾಗುತ್ತದೆ, ಗೇರ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬರುತ್ತದೆ. ಆಗ ಎಲ್ಲರೂ ಗೇರ್‌ಬಾಕ್ಸನ್ನೇ ಬೈಯುತ್ತಾರೆ. ತಪ್ಪು ಎಷ್ಟೋ ಸಲ ಅದರ ಮುಂದಿರುವ ಜಾಗದಲ್ಲಿರುತ್ತದೆ.

ಮೊದಲು ಸಾಮಾನು. ಫ್ಲೈವೀಲ್ (ಕ್ರ್ಯಾಂಕ್ ಶಾಫ್ಟ್‌ನ ಹಿಂದೆ ಕೂರುವ ಭಾರದ ಚಕ್ರ), ಅದರ ಬೋಲ್ಟ್, ಕ್ಲಚ್ ಪ್ಲೇಟನ್ನು ಅದಕ್ಕೆ ಒತ್ತಿಹಿಡಿಯುವ ಪ್ರೆಶರ್ ಪ್ಲೇಟ್, ಬೆಲ್ ಹೌಸಿಂಗ್, ಫೋರ್ಕ್, ರಿಲೀಸ್ ಬೇರಿಂಗ್, ಸ್ಟಾರ್ಟರ್, ಪೆಡಲ್, ಎಲ್ಲವನ್ನೂ ಒಂದೇ ಗಾಡಿಯಿಂದ ತನ್ನಿ. ಬಿಡಿಬಿಡಿಯಾಗಿ ಕೂಡಿಸಿದರೆ ಅಗ್ಗ ಅನ್ನಿಸುತ್ತದೆ, ಆಮೇಲೆ ಜಾಸ್ತಿಯೇ ಆಗುತ್ತದೆ.

ಫ್ಲೈವೀಲ್ ವಿಷಯದಲ್ಲಿ ಮೂರು ನೋಡಬೇಕು: ಕ್ರ್ಯಾಂಕ್‌ನ ಬೋಲ್ಟ್ ತೂತುಗಳು, ಅಂಚಿನ ಹಲ್ಲುಗಳ ಎಣಿಕೆ, ಬ್ಯಾಲೆನ್ಸ್ (ತೂಕದ ಸಮತೋಲ). ಶೆವ್ರೊಲೆ ಸ್ಮಾಲ್ ಬ್ಲಾಕ್‌ನಲ್ಲಿ 1986ರಿಂದ ಹಿಂಬದಿ ಆಯಿಲ್ ಸೀಲ್ ಬದಲಾಯಿತು, ಜೊತೆಗೆ ಬೋಲ್ಟ್ ತೂತುಗಳ ವೃತ್ತದ ವ್ಯಾಸ 3.58 ಇಂಚಿನಿಂದ 3 ಇಂಚಿಗೆ ಇಳಿಯಿತು. ಅಲ್ಲಿ ತಪ್ಪು ಫ್ಲೈವೀಲ್ ಕೂರುವುದೇ ಇಲ್ಲ, ಅಷ್ಟರಮಟ್ಟಿಗೆ ಒಳ್ಳೆಯದು. ಫೋರ್ಡ್ 302 ಎಂಜಿನ್ ಹಾಗಲ್ಲ. ಹಳೆಯದಕ್ಕೆ 28 ಔನ್ಸ್ ಬ್ಯಾಲೆನ್ಸ್, 80ರ ದಶಕದಿಂದ ಈಚಿನದಕ್ಕೆ 50. ಎರಡೂ ಸಲೀಸಾಗಿ ಕೂರುತ್ತವೆ, ಅದಲುಬದಲಾದರೆ ಎಂಜಿನ್ ನಡುಗುತ್ತದೆ. ಶೆವ್ರೊಲೆಯಲ್ಲಿ ಹಲ್ಲು 153 ಇದೆಯಾ 168 ಇದೆಯಾ ಅಂತ ಎಣಿಸಿ, ಸ್ಟಾರ್ಟರ್ ಅದಕ್ಕೆ ತಕ್ಕದ್ದೇ ಇರಬೇಕು. ಆಟೋಮ್ಯಾಟಿಕ್‌ನ ಫ್ಲೆಕ್ಸ್ ಪ್ಲೇಟ್ (ಫ್ಲೈವೀಲ್ ಜಾಗದಲ್ಲಿರುವ ತೆಳು ತಟ್ಟೆ) ತೆಗೆದಾಗ ಸಿಗುವ ಬೋಲ್ಟ್‌ಗಳನ್ನು ಫ್ಲೈವೀಲ್‌ಗೆ ಹಾಕಲೇಬೇಡಿ, ಅವು ಗಿಡ್ಡ.

ಕ್ಲಚ್ ಪ್ಲೇಟ್‌ಗೆ ಇಬ್ಬರು ಯಜಮಾನರು: ಹೊರಗಿನ ವ್ಯಾಸ ಫ್ಲೈವೀಲ್, ಪ್ರೆಶರ್ ಪ್ಲೇಟ್ ಹೇಳಿದಂತೆ, ನಡುವಿನ ಸ್ಪ್ಲೈನ್ (ಶಾಫ್ಟ್ ಮೇಲೆ ಕೂರುವ ಉದ್ದ ಹಲ್ಲುಗಳು) ಗೇರ್‌ಬಾಕ್ಸ್ ಹೇಳಿದಂತೆ. ಜಿಎಂ ಗೇರ್‌ಬಾಕ್ಸ್‌ಗಳಲ್ಲಿ 1.125 ಇಂಚಿನ ಒಂದೇ ದಪ್ಪದ ಶಾಫ್ಟ್‌ನಲ್ಲಿ 10 ಸ್ಪ್ಲೈನೂ ಇದೆ, 26 ಸ್ಪ್ಲೈನೂ ಇದೆ. ಎಣಿಸದೆ ಆರ್ಡರ್ ಮಾಡಬೇಡಿ.

ಇನ್ನು ಎಲ್ಲರೂ ಎಡವುವ ಜಾಗ. ಗೇರ್‌ಬಾಕ್ಸ್‌ನಿಂದ ಮುಂದೆ ಚಾಚುವ ಇನ್‌ಪುಟ್ ಶಾಫ್ಟ್‌ನ ತುದಿ ಕ್ರ್ಯಾಂಕ್‌ನ ಹಿಂದಿನ ತೂತಿನಲ್ಲಿರುವ ಪೈಲಟ್ ಬೇರಿಂಗ್ ಒಳಗೆ ತಿರುಗಬೇಕು. ಆಟೋಮ್ಯಾಟಿಕ್ ಗಾಡಿಯಲ್ಲಿ ಆ ಬೇರಿಂಗ್ ಇರುವುದೇ ಇಲ್ಲ, ಕೆಲವು ಕ್ರ್ಯಾಂಕ್‌ಗಳಲ್ಲಿ ತೂತನ್ನೂ ಪೂರ್ತಿ ಕೊರೆದಿರುವುದಿಲ್ಲ. ಕ್ಯಾಲಿಪರ್ ಹಿಡಿದು ತೂತು, ಶಾಫ್ಟ್ ತುದಿ ಎರಡನ್ನೂ ಅಳೆಯಿರಿ, ತುದಿ ಎಷ್ಟು ಒಳಹೋಗುತ್ತದೆ ಅನ್ನುವುದನ್ನೂ. ಬೇರಿಂಗ್ ಬದಲು ಬುಶ್ (ಲೋಹದ ಬಳೆ) ಹಾಕುವುದಾದರೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದರಲ್ಲಿ ಕಬ್ಬಿಣ ಬೆರೆತಿದೆ, ಶಾಫ್ಟ್ ತುದಿಯನ್ನು ತಿನ್ನುತ್ತದೆ, ವಾಪಸ್ ಕೊಟ್ಟು ಅಪ್ಪಟ ಬ್ರಾಂಜ್ ತನ್ನಿ.

ಆಮೇಲೆ ಡಯಲ್ ಗೇಜ್, ಅಂದರೆ ಕೂದಲೆಳೆಯಷ್ಟು ಅಂತರವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ. ಇದನ್ನು ಮಾಡುವವರು ತೀರಾ ಕಡಿಮೆ. ಕ್ಲಚ್ ಕೂರಿಸುವ ಮೊದಲು ಬರೀ ಬೆಲ್ ಹೌಸಿಂಗ್ ಬಿಗಿಯಿರಿ. ಗೇಜಿನ ಬುಡವನ್ನು ಫ್ಲೈವೀಲ್‌ಗೆ ಅಂಟಿಸಿ, ಅದರ ಅಳತೆ ಕಡ್ಡಿಯ ತುದಿ ಹೌಸಿಂಗ್‌ನ ನಡುವಿನ ದೊಡ್ಡ ತೂತಿನ ಒಳಗೋಡೆಗೆ ತಾಗುವ ಹಾಗೆ ಇಡಿ. ಸ್ಪಾರ್ಕ್ ಪ್ಲಗ್ ತೆಗೆದರೆ ಎಂಜಿನ್ ಕೈಯಲ್ಲೇ ತಿರುಗುತ್ತದೆ. ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ, ಮುಳ್ಳು ಒಟ್ಟು ಎಷ್ಟು ಓಡಿತು ನೋಡಿ. ಸಾಮಾನ್ಯವಾಗಿ 0.005 ಇಂಚು, ಅಂದರೆ ಸುಮಾರು 0.13 ಮಿಲಿಮೀಟರ್, ಒಳಗಿದ್ದರೆ ಸರಿ. 0.014 ಬಂತು ಅನ್ನಿ, ಹೌಸಿಂಗ್ ಅದರ ಅರ್ಧ, 0.007 ಇಂಚು ಪಕ್ಕಕ್ಕೆ ಸರಿದಿದೆ ಅಂತ ಅರ್ಥ. ಹೌಸಿಂಗ್ ಜಾಗ ಹಿಡಿದಿಡುವ ಡೌಯೆಲ್ ಪಿನ್‌ಗಳಲ್ಲಿ ಅಷ್ಟೇ ಅಳತೆಗೆ ನಡು ಸರಿದ ಆಫ್‌ಸೆಟ್ ಪಿನ್ ಸಿಗುತ್ತದೆ, ಹಾಕಿ ಮತ್ತೆ ಅಳೆಯಿರಿ. ಡೌಯೆಲ್ ಪಿನ್ ಕಿತ್ತುಹಾಕಿ ಬೋಲ್ಟ್‌ನಲ್ಲೇ ಹೊಂದಿಸುತ್ತೇನೆ ಅನ್ನುವವರ ಹತ್ತಿರ ಗಾಡಿ ಬಿಡಬೇಡಿ.

ಕ್ಲಚ್ ಪ್ಲೇಟ್ ನಡುವಿಗೆ ತರಲು ಕಿಟ್ ಜೊತೆ ಬರುವ ಪ್ಲಾಸ್ಟಿಕ್ ಕಡ್ಡಿ ನನಗೆ ಹಿಡಿಸುವುದಿಲ್ಲ, ಅದು ಬಾಗುತ್ತದೆ. ಹಳೇ ಇನ್‌ಪುಟ್ ಶಾಫ್ಟ್ ಒಂದು ಸಿಕ್ಕರೆ ಅದೇ ಸರಿಯಾದ ಸಾಧನ.

ಗೇರ್‌ಬಾಕ್ಸ್ ಏರಿಸುವಾಗ ಅದು ಕೈಯಿಂದಲೇ ಜಾರಿ ಹೌಸಿಂಗ್‌ಗೆ ಮುಖಕ್ಕೆ ಮುಖ ತಾಗಬೇಕು. ಕೊನೆಯ ಒಂದು ಬೆರಳಗಲ ಉಳಿದಾಗ ಸುಮ್ನೆ ಬೋಲ್ಟ್ ಹಾಕಿ ಎಳೆಯುವ ಆಸೆ ಬರುತ್ತದೆ. ಬೇಡ. ಕ್ಲಚ್ ಪ್ಲೇಟ್ ನಡು ಬಾಗುತ್ತದೆ, ಇಲ್ಲ ಹೌಸಿಂಗ್ ಕಿವಿಯೇ ಮುರಿಯುತ್ತದೆ. ಹೊರತೆಗೆದು ಏನು ತಡೆಯುತ್ತಿದೆ ನೋಡಿ.

ಉಳಿದದ್ದು ಸುಲಭ. ಪೆಡಲ್, ಹೈಡ್ರಾಲಿಕ್ ಪೈಪ್, ರಿವರ್ಸ್ ಲೈಟ್. ಸ್ಟಾರ್ಟರ್‌ನ ನ್ಯೂಟ್ರಲ್ ಸ್ವಿಚ್ ವೈರನ್ನು ಕ್ಲಚ್ ಸ್ವಿಚ್ ಮೂಲಕ ತನ್ನಿ, ನೇರ ಜೋಡಿಸಿದರೆ ಗೇರ್‌ನಲ್ಲಿದ್ದಾಗಲೂ ಗಾಡಿ ಸ್ಟಾರ್ಟ್ ಆಗಿ ಮುಂದೆ ನುಗ್ಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಉದ್ದ ಕೊನೆಗೆ ಅಳೆಯಿರಿ, ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗ, ಜಾಕ್ ಮೇಲೆ ನೇತಾಡುವಾಗ ಅಲ್ಲ.