ಅಂಗಡಿ ಕಂಪ್ಯೂಟರಿಗೆ ವೈರಸ್ ಕಾಟ: ಆಂಟಿವೈರಸ್ ಎಷ್ಟು, ಎಚ್ಚರ ಎಷ್ಟು?

ಸರ್ಕಾರಿ ಹುದ್ದೆಗೆ ಅರ್ಜಿ ಕರೆದ ವಾರ ರಾಯಚೂರು, ಸಿಂಧನೂರು, ಮಾನ್ವಿಯ ಆನ್‌ಲೈನ್ ಸೆಂಟರ್‌ಗಳಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ. ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, 371(ಜೆ) ಮೀಸಲಾತಿ ಪತ್ರ, ಫೋಟೊ, ಸಹಿ ಎಲ್ಲವೂ ಒಂದೇ ಪೆನ್‌ಡ್ರೈವ್‌ನಲ್ಲಿ. ಅದು ನಿನ್ನೆ ಕಾಲೇಜಿನ ಲ್ಯಾಬ್‌ನಲ್ಲಿತ್ತು, ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿತ್ತು, ಈಗ ಇಲ್ಲಿಗೆ ಬಂದಿದೆ. ‘ಅಣ್ಣಾ, ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗ್ಯಾವು, ಒಂದೂ ತೆರಿವಲ್ದು’ ಎಂಬ ಮಾತು ಕೇಳದ ಸೆಂಟರ್ ನಮ್ಮ ಭಾಗದಲ್ಲಿ ಇರಲಿಕ್ಕಿಲ್ಲ. ಕೊನೆಯ ದಿನ ಸಂಜೆ ಹೀಗಾದರೆ ಯಾರದೋ ವರ್ಷದ ಓದು ಕೈಬಿಟ್ಟು ಹೋಗುತ್ತದೆ. ಇದನ್ನು ಸಣ್ಣ ತೊಂದರೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಅಂಗಡಿಯವರನ್ನು ಕೇಳಿದರೆ ಎರಡು ಬಗೆಯ ಉತ್ತರ. ಒಬ್ಬರು ‘ದುಡ್ಡು ಕೊಟ್ಟು ಆಂಟಿವೈರಸ್ ಹಾಕ್ಸೀವ್ರಿ, ಏನೂ ಆಗಂಗಿಲ್ಲ’ ಎನ್ನುತ್ತಾರೆ. ಕಂಪ್ಯೂಟರ್ ಚೆನ್ನಾಗಿ ಬಲ್ಲ ಇನ್ನೊಬ್ಬರು ‘ಹುಷಾರಾಗಿದ್ರ ಆಂಟಿವೈರಸ್ಸೇ ಬ್ಯಾಡ’ ಎನ್ನುತ್ತಾರೆ.

ಆಂಟಿವೈರಸ್ ಮಾಡುವುದು ಎರಡು ಕೆಲಸ. ಗೊತ್ತಿರುವ ವೈರಸ್‌ಗಳ ಗುರುತನ್ನು ಫೈಲಿನೊಡನೆ ಹೋಲಿಸಿ ನೋಡುತ್ತದೆ. ಗೊತ್ತಿಲ್ಲದ ಪ್ರೋಗ್ರಾಂ ಅನುಮಾನ ಬರುವಂತೆ ನಡೆದುಕೊಂಡರೆ ತಡೆಯಲು ನೋಡುತ್ತದೆ. ನಿನ್ನೆ ಹುಟ್ಟಿದ ವೈರಸ್ ಇವೆರಡನ್ನೂ ದಾಟಿ ಬರಬಹುದು. ಒಂದೂ ತಪ್ಪದಂತೆ ಎಲ್ಲ ವೈರಸ್‌ಗಳನ್ನು ಹಿಡಿಯುವ ಪ್ರೋಗ್ರಾಂ ಬರೆಯಲಾಗದು ಎಂದು ಅಮೆರಿಕದ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ತರ್ಕಬದ್ಧವಾಗಿ ತೋರಿಸಿದ್ದರು. ಎಂಥ ದುಬಾರಿ ಲೈಸೆನ್ಸ್ ತಂದರೂ ಈ ಮಿತಿ ತಪ್ಪದು.

ಹಾಗೆಂದು ಎಚ್ಚರವೊಂದೇ ಸಾಕೆ? 2017ರ ಮೇ 12ರಂದು ಹರಡಲು ಶುರುವಾದ ‘ವಾನಾಕ್ರೈ’ ಎಂಬ ವೈರಸ್ ಸುಮಾರು 150 ದೇಶಗಳ ಕಂಪ್ಯೂಟರ್‌ಗಳಿಗೆ ನುಗ್ಗಿತು. ಅದು ಹರಡಲು ಯಾರೂ ಏನನ್ನೂ ಒತ್ತಬೇಕಿರಲಿಲ್ಲ. ನೆಟ್‌ವರ್ಕ್‌ನಲ್ಲಿ ತಾನೇ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ಆ ದಾರಿ ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಹಾಕಿಕೊಳ್ಳದವರು ಎಷ್ಟೇ ಹುಷಾರಾಗಿದ್ದರೂ ಸಿಕ್ಕಿಬಿದ್ದರು.

ಮನೆಯಲ್ಲಿ ಒಬ್ಬರೇ ಬಳಸುವ ಕಂಪ್ಯೂಟರಿಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಆಂಟಿವೈರಸ್ ಮತ್ತು ಒಳ್ಳೆಯ ರೂಢಿ ಸಾಕು ಎಂಬುದು ನನ್ನ ಅಭಿಪ್ರಾಯ. ಅಂಗಡಿಯ ಮಾತೇ ಬೇರೆ. ಅಲ್ಲಿಗೆ ಊರಿನ ಎಲ್ಲರ ರೂಢಿಯೂ ಪೆನ್‌ಡ್ರೈವ್ ಮೂಲಕ ಬಂದು ಸೇರುತ್ತದೆ. ಅಲ್ಲಿ ಏನು ಮಾಡಬೇಕು ಎಂಬುದನ್ನು ಕ್ರಮವಾಗಿ ನೋಡೋಣ.

1. ಇರುವುದನ್ನು ಸರಿಮಾಡಿಕೊಳ್ಳಿ

ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ತೆರೆದು ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ ಒತ್ತಿ. ರಿಯಲ್ ಟೈಮ್ ಪ್ರೊಟೆಕ್ಷನ್ ಆನ್ ಇರಬೇಕು. ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್‌ನ ಅವಧಿ ಮುಗಿದಿದ್ದರೆ ಅದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ. ಡಿಫೆಂಡರ್ ತಾನಾಗಿಯೇ ಕೆಲಸ ಶುರು ಮಾಡುತ್ತದೆ. ಎರಡು ಆಂಟಿವೈರಸ್ ಒಟ್ಟಿಗೆ ಹಾಕಬೇಡಿ. ಒಂದಕ್ಕೊಂದು ಅಡ್ಡಿಯಾಗಿ ಕಂಪ್ಯೂಟರ್ ನಿಧಾನವಾಗುತ್ತದೆಯೇ ಹೊರತು ಕಾವಲು ಇಮ್ಮಡಿಯಾಗುವುದಿಲ್ಲ.

ವಿಂಡೋಸ್ ಅಪ್‌ಡೇಟನ್ನು ತಿಂಗಳುಗಟ್ಟಲೆ ಮುಂದೂಡಬೇಡಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ (ಭದ್ರತೆಯ ಅಪ್‌ಡೇಟ್) ನಿಂತಿದೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿದೆ. ಹಣ ಖರ್ಚು ಮಾಡುವುದೇ ಆದರೆ ಮೊದಲು ಬೆಂಬಲವಿರುವ ವಿಂಡೋಸ್‌ಗೆ ಮಾಡಿ.

2. ಫೈಲಿನ ಪೂರ್ತಿ ಹೆಸರು ಕಾಣಲಿ

ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆನ್ ಮಾಡಿ. ವಿಂಡೋಸ್ ಹೆಸರಿನ ಕೊನೆಯ ತುಂಡನ್ನು ಬಚ್ಚಿಡುತ್ತದೆ, ವಂಚಕರಿಗೆ ಬೇಕಿರುವುದೂ ಅದೇ. 2000ದ ಮೇ ತಿಂಗಳಲ್ಲಿ ಇಮೇಲ್‌ನಲ್ಲಿ ಪ್ರೇಮಪತ್ರದ ವೇಷದಲ್ಲಿ ಬಂದ ‘ಐ ಲವ್ ಯೂ’ ವೈರಸ್ ನೋಡಲು ಬರೀ ಟೆಕ್ಸ್ಟ್ ಫೈಲ್. ಹೆಸರಿನ ಕೊನೆಯಲ್ಲಿದ್ದ ‘ವಿಬಿಎಸ್’ ಎಂಬ ಮೂರಕ್ಷರ ಕಂಡಿದ್ದರೆ ಅದು ಓಡುವ ಪ್ರೋಗ್ರಾಂ ಎಂದು ಎಷ್ಟೋ ಜನಕ್ಕೆ ತಿಳಿಯುತ್ತಿತ್ತು. ‘ಹಾಲ್‌ಟಿಕೆಟ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂಬಂಥ ಹೆಸರು ಕಂಡರೆ ಮುಟ್ಟಬೇಡಿ.

3. ದಿನದ ಕೆಲಸಕ್ಕೆ ಬೇರೆ ಖಾತೆ

ಹೆಚ್ಚಿನ ಅಂಗಡಿಗಳಲ್ಲಿ ಎಲ್ಲ ಅಧಿಕಾರವಿರುವ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲೇ ಎಲ್ಲರೂ ಕೂತಿರುತ್ತಾರೆ. ‘ಸ್ಟ್ಯಾಂಡರ್ಡ್’ ಖಾತೆಯೊಂದನ್ನು ಮಾಡಿ, ಕೆಲಸದ ಹುಡುಗರಿಗೆ ಅದನ್ನೇ ಕೊಡಿ. ಹೊಸ ಸಾಫ್ಟ್‌ವೇರ್ ಹಾಕಬೇಕೆಂದರೆ ಹೆಚ್ಚಾಗಿ ಪಾಸ್‌ವರ್ಡ್ ಕೇಳುತ್ತದೆ, ಮಾಲೀಕರೇ ಬರಬೇಕಾಗುತ್ತದೆ. ಇಷ್ಟಾದರೂ ಆ ಖಾತೆಯ ಫೈಲುಗಳಿಗೆ ಅಪಾಯ ಉಳಿದೇ ಇರುತ್ತದೆ ಎಂಬುದು ನೆನಪಿರಲಿ.

4. ಪೆನ್‌ಡ್ರೈವ್ ಬಂದಾಗ

ನಮ್ಮ ಕಡೆ ಮುಖ್ಯವಾದದ್ದು ಇದೇ. ಹಿಂದೆ ಪೆನ್‌ಡ್ರೈವ್ ಸಿಕ್ಕಿಸಿದ ಕೂಡಲೇ ಅದರೊಳಗಿನ ಪ್ರೋಗ್ರಾಂ ತಾನೇ ಓಡುವ ‘ಆಟೋರನ್’ ಸೌಲಭ್ಯವಿತ್ತು. 2011ರ ಹೊತ್ತಿಗೆ ಮೈಕ್ರೋಸಾಫ್ಟ್ ಆ ಬಾಗಿಲು ಮುಚ್ಚಿತು. ಆಮೇಲೆ ವೈರಸ್ ಬರೆಯುವವರು ನಮ್ಮ ಬೆರಳನ್ನೇ ನೆಚ್ಚಿಕೊಂಡರು. ನಿಮ್ಮ ನಿಜವಾದ ಫೋಲ್ಡರ್‌ಗಳನ್ನು ಅಡಗಿಸಿ, ಅದೇ ಹೆಸರಿನ, ಅದೇ ಚಿತ್ರದ ಶಾರ್ಟ್‌ಕಟ್ ಇಡುತ್ತಾರೆ. ಅದನ್ನು ಎರಡು ಸಲ ಒತ್ತಿದರೆ ಫೋಲ್ಡರೂ ತೆರೆಯಬಹುದು, ಹಿಂದೆಯೇ ವೈರಸ್ಸೂ ಓಡುತ್ತದೆ. ಫೈಲುಗಳು ಕಣ್ಣಿಗೆ ಬಿದ್ದವಲ್ಲ ಎಂದು ನಾವು ಸುಮ್ಮನಾಗುತ್ತೇವೆ.

ಹೀಗೆ ಮಾಡಿ. ಪೆನ್‌ಡ್ರೈವ್ ಸಿಕ್ಕಿಸಿದ ಮೇಲೆ ತೆರೆಯಬೇಡಿ. ‘ದಿಸ್ ಪಿಸಿ’ಯಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್’ ಆರಿಸಿ. ಡಿಫೆಂಡರ್‌ನ ಫುಲ್ ಸ್ಕ್ಯಾನ್ ಸಾಮಾನ್ಯವಾಗಿ ಪೆನ್‌ಡ್ರೈವನ್ನು ನೋಡುವುದಿಲ್ಲ, ಆದ್ದರಿಂದ ಪ್ರತಿ ಸಲ ಕೈಯಾರೆ ಹೀಗೆ ಸ್ಕ್ಯಾನ್ ಮಾಡಬೇಕು. ಸರದಿ ಎಷ್ಟೇ ಉದ್ದ ಇರಲಿ, ಈ ಒಂದೆರಡು ನಿಮಿಷ ಬಿಡಬೇಡಿ.

ಫೋಲ್ಡರ್ ಚಿತ್ರದ ಮೂಲೆಯಲ್ಲಿ ಬಾಗಿದ ಬಾಣ ಕಂಡರೆ ಅದು ಶಾರ್ಟ್‌ಕಟ್. ಆಗ ‘ಫೋಲ್ಡರ್ ಆಪ್ಷನ್ಸ್’ನಲ್ಲಿ ಹಿಡನ್ ಫೈಲುಗಳನ್ನು ತೋರಿಸುವಂತೆ ಮಾಡಿ, ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎದುರಿನ ಗುರುತು ತೆಗೆಯಿರಿ. ನಿಜವಾದ ಫೋಲ್ಡರ್‌ಗಳು ಮಾಸಲು ಬಣ್ಣದಲ್ಲಿ ಕಾಣುತ್ತವೆ. ಕೆಲವೊಮ್ಮೆ ಎಲ್ಲವೂ ಹೆಸರೇ ಇಲ್ಲದ ಒಂದು ಫೋಲ್ಡರ್‌ನೊಳಗೆ ಇರುತ್ತವೆ. ಪಿಡಿಎಫ್, ಫೋಟೊಗಳನ್ನು ಮಾತ್ರ ಹೊಸ ಫೋಲ್ಡರ್‌ಗೆ ನಕಲು ಮಾಡಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಮರಳಿ ಹಾಕಿಕೊಡಿ. ದಾಖಲೆ ಸಾಮಾನ್ಯವಾಗಿ ಎಲ್ಲಿಗೂ ಹೋಗಿರುವುದಿಲ್ಲ, ಅಳುಮುಖ ಮಾಡಿ ನಿಂತವರಿಗೆ ಅದನ್ನು ಮೊದಲೇ ಹೇಳಿಬಿಡಿ. ಕೆಲಸ ಮುಗಿದ ಮೇಲೆ ಅಂಗಡಿಯ ಕಂಪ್ಯೂಟರ್‌ನಲ್ಲಿ ಉಳಿದ ಅವರ ಆಧಾರ್, ಅಂಕಪಟ್ಟಿಗಳನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ.

ಅಂಗಡಿಯದೇ ಒಂದು ಖಾಲಿ ಪೆನ್‌ಡ್ರೈವ್ ಇಟ್ಟುಕೊಳ್ಳಿ. ಸಂಜೆ ಅದಕ್ಕೊಂದು ಫೋಲ್ಡರ್ ಹಾಕಿ, ತೆಗೆದು, ಮತ್ತೆ ಸಿಕ್ಕಿಸಿ. ಫೋಲ್ಡರ್ ಶಾರ್ಟ್‌ಕಟ್ ಆಗಿದ್ದರೆ ರೋಗ ನಿಮ್ಮ ಕಂಪ್ಯೂಟರಿಗೇ ಅಂಟಿದೆ ಎಂದರ್ಥ.

ವಿದ್ಯಾರ್ಥಿಗಳಿಗೆ ಒಂದು ಮಾತು: ದಾಖಲೆಗಳ ಇನ್ನೊಂದು ಪ್ರತಿ ನಿಮ್ಮ ಇಮೇಲ್‌ನಲ್ಲೋ ಫೋನಿನಲ್ಲೋ ಇರಲಿ. ಅಂಗಡಿಯ ಇಮೇಲ್‌ಗೆ ನೇರ ಕಳಿಸಿದರೆ ಪೆನ್‌ಡ್ರೈವೇ ಬೇಕಾಗುವುದಿಲ್ಲ.

5. ಕ್ರ್ಯಾಕ್ ಬೇಡ

ಡಿಟಿಪಿ ಅಂಗಡಿಗಳಲ್ಲಿ ಫೋಟೊಶಾಪ್, ಪೇಜ್‌ಮೇಕರ್, ಲೆಕ್ಕದ ಸಾಫ್ಟ್‌ವೇರ್ ಎಲ್ಲ ‘ಕ್ರ್ಯಾಕ್’, ಅಂದರೆ ಲೈಸೆನ್ಸ್ ಬೀಗ ಮುರಿದ ಆವೃತ್ತಿಯವೇ ಇರುವುದುಂಟು. ಕ್ರ್ಯಾಕ್ ಜೊತೆ ಬರುವ ಸೂಚನೆಯಲ್ಲಿ ಎಷ್ಟೋ ಸಲ ಮೊದಲ ಸಾಲೇ ‘ಆಂಟಿವೈರಸ್ ಆಫ್ ಮಾಡಿ’ ಎಂದಿರುತ್ತದೆ. ಕಾವಲು ಕಳಚಿಟ್ಟು ಗೊತ್ತಿಲ್ಲದವರ ಪ್ರೋಗ್ರಾಂ ಒಳಗೆ ಬಿಟ್ಟ ಮೇಲೆ ಯಾವ ಲೈಸೆನ್ಸ್ ತಂದೂ ಉಪಯೋಗವಿಲ್ಲ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಮನೆ, ಅಂಗಡಿಗಳಿಗೆ ಬರುವ ಮುಖ್ಯ ದಾರಿಗಳಲ್ಲಿ ಇದೊಂದು. ಫೋಟೊ ತಿದ್ದಲು ಗಿಂಪ್, ಪತ್ರ-ಪಟ್ಟಿಗಳಿಗೆ ಲಿಬ್ರೆ ಆಫೀಸ್ ಉಚಿತವಾಗಿ ಸಿಗುತ್ತವೆ, ಯುನಿಕೋಡ್ ಕನ್ನಡವೂ ಇವುಗಳಲ್ಲಿ ಮೂಡುತ್ತದೆ. ಕೈ ಒಗ್ಗಲು ಸ್ವಲ್ಪ ದಿನ ಬೇಕು ಅಷ್ಟೆ.

ಫೋನಿಗೂ ಇದೇ ಮಾತು. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಎಂದೋ ಟ್ರಾಫಿಕ್ ದಂಡ ಎಂದೋ ‘ಎಪಿಕೆ’ (ಫೋನಿಗೆ ಆ್ಯಪ್ ಹಾಕುವ) ಫೈಲ್ ಬಂದರೆ, ಕಳಿಸಿದವರು ಸ್ವಂತ ಬೀಗರೇ ಆಗಿದ್ದರೂ ತೆರೆಯಬೇಡಿ. ಅವರ ಫೋನೇ ವಂಚಕರ ಕೈಗೆ ಸಿಕ್ಕಿರಬಹುದು.

6. ಲೈಸೆನ್ಸ್ ದುಡ್ಡಿಗೆ ಡಿಸ್ಕ್

ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕ, ಬಳ್ಳಾರಿಯ ಜೀನ್ಸ್ ಘಟಕದ ಪ್ಯಾಟರ್ನ್ ಫೈಲ್, ರಾಯಚೂರು ಹತ್ತಿ ವ್ಯಾಪಾರಿಯ ಖಾತೆ ಕಳೆದರೆ ಆಂಟಿವೈರಸ್ ತಂದುಕೊಡುವುದಿಲ್ಲ. ಬ್ಯಾಕಪ್, ಅಂದರೆ ಬೇರೆಡೆ ತೆಗೆದಿಟ್ಟ ನಕಲು, ತಂದುಕೊಡುತ್ತದೆ. ವರ್ಷವರ್ಷ ಲೈಸೆನ್ಸ್‌ಗೆ ಕೊಡುವ ಹಣ ಕೂಡಿಸಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕೊಳ್ಳಿ, ಒಂದಲ್ಲ, ಎರಡು. ದಿನ ಬಿಟ್ಟು ದಿನ ಒಂದೊಂದಕ್ಕೆ ನಕಲು ಮಾಡಿ, ನಕಲಾದ ತಕ್ಷಣ ಕಳಚಿಡಿ. ಸಿಕ್ಕಿಸಿಯೇ ಬಿಟ್ಟ ಡಿಸ್ಕಿಗೂ ರ‍್ಯಾನ್ಸಮ್‌ವೇರ್ ಬೀಗ ಹಾಕುತ್ತದೆ. ತಿಂಗಳಿಗೊಮ್ಮೆ ಒಂದು ಹಳೆಯ ಫೈಲ್ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

7. ಬಂದೇಬಿಟ್ಟರೆ

ಮೊದಲು ಇಂಟರ್ನೆಟ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ, ಪಕ್ಕದ ಕಂಪ್ಯೂಟರ್‌ಗಳಿಗೆ ಹೋಗದಂತೆ ತಡೆಯಿರಿ. ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಇದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುನ್ನವೇ ಸುಮಾರು 15 ನಿಮಿಷ ಹುಡುಕುತ್ತದೆ. ಫೈಲುಗಳಿಗೆ ಬೀಗ ಬಿದ್ದಿದ್ದರೆ ಅವಸರಪಟ್ಟು ಫಾರ್ಮ್ಯಾಟ್ ಮಾಡಿಸಬೇಡಿ, ಹಣವನ್ನೂ ಕಟ್ಟಬೇಡಿ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತಿತರರು 2016ರಲ್ಲಿ ಶುರು ಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬೀಗಗಳಿಗೆ ಉಚಿತ ಕೀಲಿ ಸಿಗುತ್ತದೆ. ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೆ ಫೋನ್ ಅಥವಾ ಕಂಪ್ಯೂಟರ್‌ನಿಂದ ಬದಲಿಸಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಆ ಹಣವನ್ನು ಮುಂದಿನ ಖಾತೆಗೆ ಹೋಗದಂತೆ ತಡೆಹಿಡಿಯುವ ಸಾಧ್ಯತೆ ಹೆಚ್ಚು.