ಒಂದೇ ಭಾಗಕ್ಕೆ ಡೀಬಗ್: ಪೈಥಾನ್ ಲಾಗರ್‌ಗಳ ಮಟ್ಟ ಹೊಂದಿಸುವುದು

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಪೈಥಾನ್ ಅಪ್ಲಿಕೇಶನ್ ಇದೆ ಎಂದಿಟ್ಟುಕೊಳ್ಳಿ. 50 ಕೆ.ಜಿ. ಮೂಟೆಗಳ ತೂಕ ಬರೆದುಕೊಳ್ಳುತ್ತದೆ, ತೇವಾಂಶ ದಾಖಲಿಸುತ್ತದೆ, ಬಿಲ್ ಮಾಡುತ್ತದೆ. ತೂಕದ ಯಂತ್ರ ಆಗಾಗ ತಪ್ಪು ರೀಡಿಂಗ್ ಕೊಡುತ್ತಿದೆ. ಇಡೀ ಅಪ್ಲಿಕೇಶನ್‌ಗೆ ಡೀಬಗ್ (ಅತಿ ವಿವರವಾದ ಲಾಗ್ ಮಟ್ಟ) ಹಾಕಿದರೆ ಡೇಟಾಬೇಸ್ ಲೈಬ್ರರಿಯ ಸಾಲುಗಳೂ ಸುರಿದು, ಬೇಕಾದದ್ದು ಅದರಡಿ ಹೂತುಹೋಗುತ್ತದೆ. ತೂಕದ ಭಾಗಕ್ಕಷ್ಟೇ ಹಾಕಬೇಕು.

ಮೊದಲು ಲಾಗರ್‌ಗಳಿಗೆ, ಅಂದರೆ ಪ್ರೋಗ್ರಾಂನ ಸಂದೇಶಗಳನ್ನು ದಾಖಲಿಸುವವುಗಳಿಗೆ, ಚುಕ್ಕಿಯಿಟ್ಟು ಹೆಸರು ಕೊಡಿ: ‘ಕ್ಯೂರಿಂಗ್’, ‘ಕ್ಯೂರಿಂಗ್.ತೂಕ’, ‘ಕ್ಯೂರಿಂಗ್.ತೂಕ.ಪೋರ್ಟ್’. ಚುಕ್ಕಿಯ ಎಡಕ್ಕಿರುವುದು ತಾಯಿ, ಎಲ್ಲದರ ಮೇಲೆ ರೂಟ್. ಸಂದೇಶಗಳ ಮಟ್ಟ ಹೀಗಿದೆ: ಡೀಬಗ್ 10, ಇನ್ಫೋ 20, ವಾರ್ನಿಂಗ್ 30, ಎರರ್ 40, ಕ್ರಿಟಿಕಲ್ 50. ಲಾಗರ್‌ಗೆ ಇಟ್ಟ ಮಟ್ಟಕ್ಕಿಂತ ಕೆಳಗಿನ ಸಂದೇಶ ದಾಟುವುದಿಲ್ಲ. ಮಟ್ಟ ಹೇಳದ ಲಾಗರ್ ಹತ್ತಿರದ ತಾಯಿಯ ಮಟ್ಟವನ್ನೇ ಪಡೆಯುತ್ತದೆ. ರೂಟ್‌ಗೆ ಏನೂ ಹೇಳದಿದ್ದರೆ ಅದು 30. ಪ್ರತಿ ರೀಡಿಂಗ್ ಡೀಬಗ್‌ನಲ್ಲಿರಲಿ, ಪಾರ್ಚ್‌ಮೆಂಟ್ (ಒಳಸಿಪ್ಪೆ ಸಹಿತದ ಕಾಫಿ ಬೀಜ) ತೇವಾಂಶ 10% ದಾಟಿದರೆ ವಾರ್ನಿಂಗ್, ತೂಕದ ಯಂತ್ರ ಜೋಡಿಸಿದ ಪೋರ್ಟ್ ತೆರೆಯದಿದ್ದರೆ ಎರರ್.

ಈಗ ರೂಟ್ 30ರಲ್ಲೇ ಇರಲಿ, ‘ಕ್ಯೂರಿಂಗ್.ತೂಕ’ಕ್ಕೆ 10 ಇಡಿ. ರೂಟ್ 30 ಇದೆಯಲ್ಲ, ಡೀಬಗ್ ಸಾಲು ಅಲ್ಲೇ ನಿಲ್ಲುವುದಿಲ್ಲವೇ? ಇಲ್ಲ. ಬಹಳ ಜನ ಎಡವುವುದು ಇಲ್ಲಿಯೇ. ಮಟ್ಟದ ಪರೀಕ್ಷೆ ನಡೆಯುವುದು ಸಂದೇಶ ಹುಟ್ಟಿದ ಲಾಗರ್‌ನಲ್ಲಿ ಒಮ್ಮೆ, ಆಮೇಲೆ ಸಂದೇಶವನ್ನು ಪರದೆಗೋ ಫೈಲಿಗೋ ಕಳಿಸುವ ಪ್ರತಿ ಹ್ಯಾಂಡ್ಲರ್‌ನಲ್ಲಿ. ಮೇಲೇರುವ ದಾರಿಯಲ್ಲಿ ತಾಯಿ ಲಾಗರ್‌ಗಳ ಮಟ್ಟವನ್ನು ಯಾರೂ ಕೇಳುವುದಿಲ್ಲ. ಅವುಗಳ ಹ್ಯಾಂಡ್ಲರ್‌ಗಳಿಗಷ್ಟೇ ಸಂದೇಶ ಹೋಗುತ್ತದೆ. ಆದ್ದರಿಂದ ಡೀಬಗ್ ಕಾಣದಿದ್ದರೆ ರೂಟ್ ಮುಟ್ಟಬೇಡಿ. ಆ ಲಾಗರ್‌ನ ಗೆಟ್‌ಎಫೆಕ್ಟಿವ್‌ಲೆವೆಲ್ (ನಿಜಕ್ಕೂ ಅನ್ವಯವಾಗುವ ಮಟ್ಟ ತಿಳಿಸುವ ಮೆಥಡ್) ಎಷ್ಟು ಹೇಳುತ್ತದೆ ನೋಡಿ, ಆಮೇಲೆ ಹ್ಯಾಂಡ್ಲರ್‌ನ ಮಟ್ಟ ನೋಡಿ. ಕನ್ಸೋಲ್ ಹ್ಯಾಂಡ್ಲರ್‌ಗೆ 30, ಫೈಲ್ ಹ್ಯಾಂಡ್ಲರ್‌ಗೆ 10 ಇಟ್ಟರೆ ತೂಕದ ಕಟ್ಟೆಯಲ್ಲಿ ಕೂತವರ ಪರದೆ ಶುದ್ಧವಾಗಿರುತ್ತದೆ, ವಿವರವೆಲ್ಲ ಫೈಲಿಗೆ ಹೋಗುತ್ತದೆ.

ಒಂದೇ ಸಾಲು ಎರಡೆರಡು ಸಲ ಬಂತೇ? ರೂಟ್‌ನಲ್ಲೂ ಮಗುವಿನಲ್ಲೂ ಹ್ಯಾಂಡ್ಲರ್ ಕಟ್ಟಿದ್ದೀರಿ. ಹ್ಯಾಂಡ್ಲರ್ ರೂಟ್‌ನಲ್ಲಿ ಮಾತ್ರ ಇಡುವುದೇ ಒಳ್ಳೆಯದು. ಮಗುವಿಗೆ ಬೇರೆ ಫೈಲ್ ಬೇಕೇಬೇಕೆಂದರೆ ಸಂದೇಶವನ್ನು ತಾಯಿಯತ್ತ ಕಳಿಸುವ ಅದರ ಪ್ರಾಪಗೇಟ್ ಅನ್ನು ಫಾಲ್ಸ್ ಮಾಡಿ.

ಡಿಕ್ಟ್‌ಕಾನ್ಫಿಗ್ (ಡಿಕ್ಷನರಿಯಿಂದ ಲಾಗಿಂಗ್ ಹೊಂದಿಸುವ ಫಂಕ್ಷನ್) ಬಳಸಿದ ಮೇಲೆ ಕೆಲವು ಲಾಗರ್‌ಗಳು ಏಕಾಏಕಿ ಮೌನವಾದರೆ, ಡಿಸೇಬಲ್_ಎಕ್ಸಿಸ್ಟಿಂಗ್_ಲಾಗರ್ಸ್ ಫಾಲ್ಸ್ ಆಗಿದೆಯೇ ನೋಡಿ. ಹೇಳದಿದ್ದರೆ ಅದು ಟ್ರೂ. ಆಗ, ಮೊದಲೇ ಹುಟ್ಟಿದ ಲಾಗರ್‌ಗಳಲ್ಲಿ ಕಾನ್ಫಿಗ್‌ನಲ್ಲಿ ಹೆಸರಿಲ್ಲದವು, ಹೆಸರಿರುವವುಗಳ ಮಕ್ಕಳೂ ಅಲ್ಲದವು ಬಾಯಿ ಮುಚ್ಚುತ್ತವೆ. ರೂಟ್ ಅನ್ನು ಸರಳವಾಗಿ ಹೊಂದಿಸುವ ಬೇಸಿಕ್‌ಕಾನ್ಫಿಗ್‌ನದು ಇನ್ನೊಂದು ಬಗೆ: ರೂಟ್‌ಗೆ ಆಗಲೇ ಹ್ಯಾಂಡ್ಲರ್ ಇದ್ದರೆ ಅದು ಏನೂ ಮಾಡುವುದಿಲ್ಲ, ದೂರೂ ಹೇಳುವುದಿಲ್ಲ. ಪೈಥಾನ್ 3.8ರಿಂದ ಫೋರ್ಸ್ ಟ್ರೂ ಕೊಟ್ಟು ಹಳೆಯ ಹ್ಯಾಂಡ್ಲರ್ ತೆಗೆಸಬಹುದು.

ಡೀಬಗ್ ತೆರೆದಿರುವಷ್ಟು ದಿನ ರೊಟೇಟಿಂಗ್‌ಫೈಲ್‌ಹ್ಯಾಂಡ್ಲರ್ (ಫೈಲ್ ತುಂಬಿದಾಗ ಹೊಸದಕ್ಕೆ ತಿರುಗುವ ಹ್ಯಾಂಡ್ಲರ್) ಇರಲಿ: ಮ್ಯಾಕ್ಸ್‌ಬೈಟ್ಸ್ 50,00,000, ಬ್ಯಾಕಪ್‌ಕೌಂಟ್ 5. ಇವೆರಡರಲ್ಲಿ ಯಾವುದನ್ನು 0 ಬಿಟ್ಟರೂ ಫೈಲ್ ತಿರುಗದೆ ಬೆಳೆಯುತ್ತಲೇ ಹೋಗುತ್ತದೆ.