ವಾಚ್ ಮೂಲಕ ರೋಗಿಗಳ ನಡಿಗೆ ನೋಡಿಕೊಳ್ಳುವುದು: ನನ್ನ ಅನುಭವ

ನಾನು ಫಿಸಿಯೋಥೆರಪಿಸ್ಟ್. ಹೃದಯ, ಶ್ವಾಸಕೋಶದ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರನ್ನು ನಡೆಸುವುದೇ ನನ್ನ ಕೆಲಸ. ಆಸ್ಪತ್ರೆಯಲ್ಲಿ ಇದಕ್ಕೆ ಆರು ನಿಮಿಷದ ನಡಿಗೆ ಪರೀಕ್ಷೆ ಇದೆ. 30 ಮೀಟರ್ ಉದ್ದದ ಕಾರಿಡಾರ್‌ನಲ್ಲಿ ಆದಷ್ಟು ದೂರ ನಡೆಯಬೇಕು. ಸುಸ್ತಾದರೆ ನಿಲ್ಲಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಒಳ್ಳೆಯ ಪರೀಕ್ಷೆಯೇ. ಆದರೆ ಮನೆಗೆ ಹೋದ ಮೇಲೆ ಅವರು ಎಷ್ಟು ನಡೆಯುತ್ತಾರೆ ಎಂಬುದು ಅದರಿಂದ ತಿಳಿಯುವುದಿಲ್ಲ. ಅದಕ್ಕೇ ಸ್ಮಾರ್ಟ್ ವಾಚ್ ಬಳಸಲು ಶುರು ಮಾಡಿದೆ.

ಮೊದಲ ಒಂದೆರಡು ವಾರ ಯಾವ ಗುರಿಯನ್ನೂ ಕೊಡುವುದಿಲ್ಲ. "ಎಂದಿನಂತೆ ಓಡಾಡಿ, ವಾಚ್ ಮಾತ್ರ ತೆಗೀಬೇಡಿ" ಅನ್ನುತ್ತೇನೆ. ಮುಂದೆ ಹೋಲಿಸುವುದು ಅವರದೇ ಆ ಲೆಕ್ಕದ ಜೊತೆ. ದಿನಕ್ಕೆ 10,000 ಹೆಜ್ಜೆ ಎಂಬ ಮಾತು 1960ರ ದಶಕದಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಸಾಧನ ಮಾರುವಾಗ ಹರಡಿದ್ದು. ಹೃದಯ ಸೋತವರ ಮೇಲೆ ಅದನ್ನು ಹೇರುವುದು ತಪ್ಪು.

ನಿಧಾನವಾಗಿ ನಡೆಯುವವರ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಮಣಿಕಟ್ಟಿನ ವಾಚ್ ಹೆಜ್ಜೆ ಎಣಿಸುವುದು ಹೆಚ್ಚಾಗಿ ಕೈ ಬೀಸುವುದನ್ನು ನೋಡಿ. ವಾಕರ್ ಹಿಡಿದವರ ಕೈ ಆಡುವುದೇ ಇಲ್ಲವಲ್ಲ, ಅರ್ಧ ಹೆಜ್ಜೆಗಳು ಲೆಕ್ಕಕ್ಕೇ ಸಿಗದಿರಬಹುದು. ಹಾಗಾಗಿ ನಾನು ಪಕ್ಕದಲ್ಲೇ ನಡೆದು 100 ಹೆಜ್ಜೆ ಎಣಿಸುತ್ತೇನೆ, ಆಮೇಲೆ ವಾಚ್ ನೋಡುತ್ತೇನೆ. ತುಂಬಾ ವ್ಯತ್ಯಾಸ ಬಂದರೆ ಕಣಕಾಲಿಗೆ ಕಟ್ಟುವ ಸಾಧನವೇ ವಾಸಿ.

ದಿನದ ಹೆಜ್ಜೆ ಹೇಳುವುದು ಅವರು ಎಷ್ಟು ನಡೆಯುತ್ತಾರೆ ಎಂದು. ಎಷ್ಟು ನಡೆಯಬಲ್ಲರು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ವೈದ್ಯರು ಒಪ್ಪಿದವರಿಗೆ ಮಾತ್ರ, ಜೊತೆಯಲ್ಲಿ ಒಬ್ಬರನ್ನು ಇಟ್ಟುಕೊಂಡು, ವಾರಕ್ಕೊಮ್ಮೆ ಆರು ನಿಮಿಷ ನಡೆಯಲು ಹೇಳುತ್ತೇನೆ. ಅದೇ ಸಮತಟ್ಟು ಜಾಗ, ಅದೇ ಹೊತ್ತು, ಅದೇ ಚಪ್ಪಲಿ. ಮನೆಯೊಳಗೆ, ತಿರುವುಗಳಲ್ಲಿ ಜಿಪಿಎಸ್ ನಂಬುವಂತಿಲ್ಲ, ಟೇಪಿನಲ್ಲಿ ಅಳೆದ ದಾರಿಯೇ ಸರಿ. ವಾರದಿಂದ ವಾರಕ್ಕೆ ನಡೆದ ದೂರದಲ್ಲಿ ಸುಮಾರು 30 ಮೀಟರಿಗಿಂತ ಕಡಿಮೆ ವ್ಯತ್ಯಾಸ ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟಾಗಲೇ ವಿಷಯ ಸಿಗುತ್ತದೆ. ದೂರ ಏರುತ್ತಿದೆ, ದಿನದ ಹೆಜ್ಜೆ ಮಾತ್ರ ಏರುತ್ತಿಲ್ಲ ಅನ್ನಿ. ಕಾಲಿಗೆ ಶಕ್ತಿ ಬಂದಿದೆ, ಬೀಳುವ ಭಯ ಹೋಗಿಲ್ಲ ಎಂಬುದು ಎಷ್ಟೋ ಸಲ ಮಾತಾಡಿಸಿದಾಗ ಹೊರಬರುತ್ತದೆ. ಎರಡೂ ಇಳಿಯುತ್ತಿದ್ದರೆ ಕೂಡಲೇ ಫೋನ್ ಮಾಡಿ ಕಾಲು ಊದಿದೆಯಾ, ತೂಕ ಏರಿದೆಯಾ, ಮಲಗಿದರೆ ಉಸಿರು ಕಟ್ಟುತ್ತದಾ ಎಂದು ಕೇಳುತ್ತೇನೆ. ಹೌದು ಎಂದರೆ ಅವತ್ತೇ ವೈದ್ಯರಿಗೆ ತಿಳಿಸುತ್ತೇನೆ. ಹೆಜ್ಜೆ ಸೊನ್ನೆ ಇದ್ದರೆ ಮೊದಲ ಪ್ರಶ್ನೆ ಚಾರ್ಜಿಂಗ್ ಬಗ್ಗೆ!

ನಾಡಿಬಡಿತವನ್ನು ಅಷ್ಟಾಗಿ ನೆಚ್ಚುವುದಿಲ್ಲ. ಹೃದಯದ ಕಾಯಿಲೆಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ಅದನ್ನು ತಗ್ಗಿಸಿರುತ್ತದೆ. ಬಡಿತ ಲಯ ತಪ್ಪಿದವರಲ್ಲಿ ವಾಚಿನ ಲೆಕ್ಕವೂ ತಪ್ಪಬಹುದು. "ನಡೆಯುತ್ತಾ ಒಂದು ವಾಕ್ಯ ಪೂರ್ತಿ ಹೇಳೋಕೆ ಆಗುತ್ತಾ?" ಎಂದು ಕೇಳುವುದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಎಲ್ಲರಿಗೂ ಮೊದಲ ದಿನವೇ ಒಂದು ಮಾತು ಬರೆದು ಕೊಡುತ್ತೇನೆ: ಈ ಅಂಕಿಗಳನ್ನು ನಾನು ನೋಡುವುದು ಕೆಲಸದ ಹೊತ್ತಿನಲ್ಲಿ ಮಾತ್ರ. ಎದೆನೋವು ಬಂದರೆ ನನ್ನ ಫೋನಿಗೆ ಕಾಯಬೇಡಿ, ಆಂಬ್ಯುಲೆನ್ಸ್ ಕರೆಯಿರಿ.